ನಿಸ್ತಂತು ತಂತ್ರಜ್ಞಾನ: ಪೇಟೆಂಟ್ ಪರವಾನಗಿಯ ಮೊದಲ ಒಪ್ಪಂದ ಮತ್ತು ಉದ್ಯಮದ ಭವಿಷ್ಯ

ಪೀಠಿಕೆ

ಪೇಟೆಂಟ್ ದೊರೆತ ಮಾತ್ರಕ್ಕೆ ಆವಿಷ್ಕಾರವು ಉದ್ಯಮವಾಗುವುದಿಲ್ಲ. ಉದಾಹರಣೆಗೆ, ಉತ್ತರ ಕನ್ನಡ ಜಿಲ್ಲೆಯ ಹೇರೂರಿನಂತಹ ಊರಿನಲ್ಲಿ ಒಬ್ಬರು, ಕಣಿವೆಯ ಅಡಕೆ ತೋಟದಲ್ಲಿರುವ ಪಂಪ್‌ಸೆಟ್ಟನ್ನು ಮನೆಯಿಂದಲೇ ಚಾಲನೆ ಮಾಡುವ ನಿಸ್ತಂತು ಉಪಕರಣವನ್ನು ರೂಪಿಸಿದ್ದಾರೆಂದು ಭಾವಿಸಬಹುದು. ಅದನ್ನು ಸಾವಿರಾರು ಸಂಖ್ಯೆಯಲ್ಲಿ ತಯಾರಿಸಲು ಅವರಲ್ಲಿ ಬಂಡವಾಳವಿರುವುದಿಲ್ಲ. ಬಂಡವಾಳವುಳ್ಳ ಸಂಸ್ಥೆಯೊಂದು ಪರವಾನಗಿ ಕೇಳಿ ಬಂದಾಗ ಮಾಡಿಕೊಳ್ಳುವ ಮೊದಲ ಒಪ್ಪಂದವು ಮುಂದಿನ ಹಲವು ವರ್ಷಗಳ ದಾರಿಯನ್ನು ನಿರ್ಧರಿಸುತ್ತದೆ. ಪೇಟೆಂಟಿನ ಅವಧಿ ಅರ್ಜಿ ಸಲ್ಲಿಸಿದ ದಿನಾಂಕದಿಂದ 20 ವರ್ಷಗಳು.

ಪರವಾನಗಿ ಎಂದರೇನು?

ಪೇಟೆಂಟಿನ ಒಡೆತನವನ್ನು ತನ್ನಲ್ಲಿಯೇ ಉಳಿಸಿಕೊಂಡು, ಆವಿಷ್ಕಾರವನ್ನು ತಯಾರಿಸಲು, ಬಳಸಲು ಅಥವಾ ಮಾರಲು ಇನ್ನೊಬ್ಬರಿಗೆ ನೀಡುವ ಅನುಮತಿಯೇ ಪರವಾನಗಿ. ಹಲವರಿಗೆ ನೀಡಬಹುದಾದದ್ದು ಸಾಮಾನ್ಯ ಪರವಾನಗಿ. ಒಬ್ಬರಿಗೆ ಮಾತ್ರ ನೀಡುವುದು ಅನನ್ಯ ಪರವಾನಗಿ. ಪೇಟೆಂಟ್‌ಗಳ ಅಧಿನಿಯಮ, 1970ರ ವ್ಯಾಖ್ಯೆಯಂತೆ ಅನನ್ಯ ಪರವಾನಗಿಯು ಸ್ವತಃ ಪೇಟೆಂಟುದಾರರನ್ನೂ ಹೊರಗಿಡುತ್ತದೆ. ಅಂದರೆ ಇಂತಹ ಪತ್ರಕ್ಕೆ ಸಹಿ ಮಾಡಿದ ಬಳಿಕ, ಉಪಕರಣವನ್ನು ಕಂಡುಹಿಡಿದವರೇ ಅದನ್ನು ತಯಾರಿಸಿ ನೆರೆಯವರಿಗೆ ಮಾರುವಂತಿಲ್ಲ.

ಒಂದು ನಿಸ್ತಂತು ಸಂಸ್ಥೆಯ ಅನುಭವ

ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ 1985ರಲ್ಲಿ ಆರಂಭವಾದ ಕ್ವಾಲ್‌ಕಾಮ್ ಸಂಸ್ಥೆಯು ಸಿಡಿಎಂಎ ವಿಧಾನವನ್ನು ಮೊಬೈಲ್ ದೂರವಾಣಿಗೆ ಅಳವಡಿಸಲು ಮುಂದಾಯಿತು. 1989ರಲ್ಲಿ ಪ್ರಾತ್ಯಕ್ಷಿಕೆ ನೀಡಿದಾಗ ಅದು ಇನ್ನೂ ಸಣ್ಣ ಸಂಸ್ಥೆಯಾಗಿತ್ತು. 1990ರಲ್ಲಿ ಎಟಿ ಅಂಡ್ ಟಿ ಹಾಗೂ ಮೊಟೊರೊಲಾ ಸಂಸ್ಥೆಗಳೊಂದಿಗೆ ಆದ ಪರವಾನಗಿ ಒಪ್ಪಂದಗಳು ಹಣವನ್ನಷ್ಟೇ ಅಲ್ಲದೆ ಮಾರುಕಟ್ಟೆಯ ವಿಶ್ವಾಸವನ್ನೂ ತಂದವು. 1991ರಲ್ಲಿ ದಕ್ಷಿಣ ಕೊರಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಇಟಿಆರ್‌ಐ ಜತೆ ಜಂಟಿ ಅಭಿವೃದ್ಧಿ ಒಪ್ಪಂದವಾಯಿತು. 1996ರಲ್ಲಿ ಆ ದೇಶದಲ್ಲಿ ಸಿಡಿಎಂಎ ಸೇವೆ ಆರಂಭಗೊಂಡಿತು.

ಪರವಾನಗಿಯನ್ನು ಒಬ್ಬರಿಗೇ ಕಟ್ಟಿಹಾಕದೆ ಹಲವರಿಗೆ ನೀಡಿದ್ದರಿಂದ ಸಂಸ್ಥೆಗೆ ಆಯ್ಕೆಯ ಸ್ವಾತಂತ್ರ್ಯ ಉಳಿಯಿತು. 1999ರಲ್ಲಿ ಮೂಲಸೌಕರ್ಯ ಉಪಕರಣಗಳ ವಿಭಾಗವನ್ನು ಎರಿಕ್‌ಸನ್‌ಗೂ, ಅನಂತರ ದೂರವಾಣಿ ತಯಾರಿಕೆಯನ್ನು ಕ್ಯೋಸೆರಾಗೂ ಬಿಟ್ಟುಕೊಟ್ಟು, ಚಿಪ್ ಮತ್ತು ಪರವಾನಗಿಯ ವ್ಯವಹಾರವನ್ನು ಮುಖ್ಯವಾಗಿಸಿಕೊಳ್ಳಲು ಅದಕ್ಕೆ ಸಾಧ್ಯವಾಯಿತು. ಇದರ ಇನ್ನೊಂದು ಮುಖವೂ ಗಮನಾರ್ಹ. ಕೊರಿಯಾದ ತಯಾರಕರಿಂದ ಬರುವ ರಾಜಧನದಲ್ಲಿ ಇಟಿಆರ್‌ಐಗೆ ಸಲ್ಲಬೇಕಾದ ಪಾಲಿನ ಬಗ್ಗೆ ಮುಂದೆ ವಿವಾದ ಹುಟ್ಟಿ, ಅದು ಅಂತರರಾಷ್ಟ್ರೀಯ ಮಧ್ಯಸ್ಥಿಕೆಯವರೆಗೆ ಹೋಯಿತು.

ಕರ್ನಾಟಕದ ನಿದರ್ಶನ

ತಂತಿಯ ದೂರವಾಣಿಯ ಕಾಲದಲ್ಲಿಯೂ ಇದೇ ಪ್ರಶ್ನೆ ಎದುರಾಗಿತ್ತು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ 128 ಸಂಪರ್ಕಗಳ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರವು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಹವಾನಿಯಂತ್ರಣವಿಲ್ಲದೆ ಕೆಲಸ ಮಾಡುವುದು ಅದರ ವೈಶಿಷ್ಟ್ಯವಾಗಿತ್ತು. ಸಿ-ಡಾಟ್ ತಾನೇ ಕಾರ್ಖಾನೆ ತೆರೆಯದೆ, ಸರ್ಕಾರಿ ಹಾಗೂ ಖಾಸಗಿ ವಲಯದ ಹಲವು ತಯಾರಕರಿಗೆ ತಂತ್ರಜ್ಞಾನದ ಪರವಾನಗಿ ನೀಡಿತು. ಹೀಗಾಗಿ ಹಳ್ಳಿಗಳ ದೂರವಾಣಿಯು ಒಂದೇ ಕಾರ್ಖಾನೆಯನ್ನು ಕಾಯಬೇಕಾಗಲಿಲ್ಲ.

ಸಹಿ ಮಾಡುವ ಮುನ್ನ ಗಮನಿಸಬೇಕಾದ ಅಂಶಗಳು

1. ಆವಿಷ್ಕಾರವನ್ನು ಪಾಲುದಾರರಿಗೆ ತೋರಿಸುವ ಮೊದಲೇ ಅರ್ಜಿ ಸಲ್ಲಿಸುವುದು ಕ್ಷೇಮ. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆಯನ್ನು ಒದಗಿಸಬಹುದು.

2. ಪರವಾನಗಿಯ ಬಳಕೆ, ಪ್ರದೇಶ ಮತ್ತು ಅವಧಿಯನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ತೋಟದ ಪಂಪ್‌ಸೆಟ್ಟಿಗೆ ನೀಡಿದ ಪರವಾನಗಿಯು ಕುಡಿಯುವ ನೀರಿನ ಯೋಜನೆಗೂ ಅನ್ವಯಿಸುತ್ತದೆಯೇ ಎಂಬುದು ಪತ್ರದಲ್ಲಿಯೇ ತಿಳಿಯುವಂತಿರಬೇಕು.

3. ಅನನ್ಯ ಪರವಾನಗಿ ಅನಿವಾರ್ಯವಾದಲ್ಲಿ, ನಿಗದಿತ ಕಾಲದೊಳಗೆ ತಯಾರಿಕೆ ಆರಂಭವಾಗದಿದ್ದರೆ ಹಕ್ಕು ಹಿಂದಿರುಗುವಂತೆ ಷರತ್ತು ವಿಧಿಸಬಹುದು.

4. ರಾಜಧನವನ್ನು ಯಾವ ಬೆಲೆಯ ಮೇಲೆ ಲೆಕ್ಕ ಹಾಕಲಾಗುವುದು ಮತ್ತು ಲೆಕ್ಕಪತ್ರ ಪರಿಶೀಲಿಸುವ ಹಕ್ಕು ಯಾರಿಗಿದೆ ಎಂಬುದನ್ನು ಬರೆದಿಡಬೇಕು.

5. ಮುಂದಿನ ಸುಧಾರಣೆಗಳು ಯಾರಿಗೆ ಸೇರುತ್ತವೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಪರವಾನಗಿ ಪಡೆದವರು ತಮ್ಮ ಸುಧಾರಣೆಗಳನ್ನು ಪೇಟೆಂಟುದಾರರಿಗೆ ಮಾತ್ರವೇ ಒಪ್ಪಿಸಬೇಕೆಂಬ ಷರತ್ತು ಪ್ರಕರಣ 140ರ ಪ್ರಕಾರ ಊರ್ಜಿತವಲ್ಲ.

6. ಜಂಟಿ ಒಡೆತನವಿದ್ದಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ಇತರ ಒಡೆಯರ ಒಪ್ಪಿಗೆಯಿಲ್ಲದೆ ಪರವಾನಗಿ ನೀಡುವಂತಿಲ್ಲ.

ಅರ್ಜಿ ಮತ್ತು ನೋಂದಣಿ

ಕರ್ನಾಟಕದ ಅರ್ಜಿದಾರರು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಅರ್ಜಿಯನ್ನು ಅಂತರ್ಜಾಲದ ಮೂಲಕ ಸಲ್ಲಿಸಬಹುದಾದ ಕಾರಣ ಖುದ್ದಾಗಿ ಹೋಗುವ ಅಗತ್ಯವಿಲ್ಲ. ಕಂಪ್ಯೂಟರ್ ಪ್ರೋಗ್ರಾಮಿಗೆ ಮಾತ್ರವೇ ಪೇಟೆಂಟ್ ದೊರೆಯುವುದಿಲ್ಲ. ಆದ್ದರಿಂದ ನಿಸ್ತಂತು ಉಪಕರಣದ ತಾಂತ್ರಿಕ ರಚನೆ ಮತ್ತು ಕಾರ್ಯವಿಧಾನವನ್ನು ಸಮರ್ಪಕವಾಗಿ ವಿವರಿಸತಕ್ಕದ್ದು.

ಪ್ರಕರಣ 68ರ ಪ್ರಕಾರ ಪರವಾನಗಿಯು ಎಲ್ಲ ಷರತ್ತುಗಳನ್ನೊಳಗೊಂಡ ಲಿಖಿತ ದಾಖಲೆಯಾಗಿರಬೇಕು. ಬಾಯಿಮಾತಿನ ಒಪ್ಪಂದಕ್ಕೆ ಮಾನ್ಯತೆಯಿಲ್ಲ. ಅದನ್ನು ಪೇಟೆಂಟ್‌ಗಳ ರಿಜಿಸ್ಟರಿನಲ್ಲಿ ದಾಖಲಿಸಲು ಪ್ರಕರಣ 69ರಡಿ ನಮೂನೆ 16ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

ಮೊದಲ ಪಾಲುದಾರರು ತರುವ ಹಣದ ಅಗತ್ಯ ಆವಿಷ್ಕಾರಕರಿಗೆ ಹೆಚ್ಚಾಗಿರುವ ಸಮಯದಲ್ಲಿಯೇ ಈ ಒಪ್ಪಂದ ನಡೆಯುತ್ತದೆ. ಆದುದರಿಂದ ಎಷ್ಟು ಹಣ ಬರುತ್ತದೆ ಎಂಬುದರ ಜತೆಗೆ ಯಾವ ಹಕ್ಕು ತಮ್ಮಲ್ಲಿ ಉಳಿಯುತ್ತದೆ ಎಂಬುದನ್ನೂ ಅರ್ಜಿದಾರರು ಓದಿ ತಿಳಿದು, ಅಗತ್ಯವಿದ್ದಲ್ಲಿ ನೋಂದಾಯಿತ ಪೇಟೆಂಟ್ ಏಜೆಂಟರ ಅಥವಾ ವಕೀಲರ ಸಲಹೆ ಪಡೆದು ಸಹಿ ಮಾಡುವುದು ಸೂಕ್ತ.