ಮುಚ್ಚಿದ ಪೆಟ್ಟಿಗೆ ಮತ್ತು ಪುರುಷಾರ್ಥ

ಜಾದೂಗಾರನು ಪ್ರೇಕ್ಷಕನ ಮುಂದೆ ಎರಡು ಪೆಟ್ಟಿಗೆಗಳನ್ನಿಡುತ್ತಾನೆ. ತೆರೆದುದರಲ್ಲಿ ಸ್ವಲ್ಪ ಹಣ ಕಾಣುತ್ತದೆ. ‘ನೀವು ಮುಚ್ಚಿದ ಪೆಟ್ಟಿಗೆಯೊಂದನ್ನೇ ಆರಿಸುವಿರೆಂದು ನಾನು ಮೊದಲೇ ಕಂಡಿದ್ದರೆ ಅದರಲ್ಲಿ ದೊಡ್ಡ ಮೊತ್ತವಿದೆ, ಎರಡನ್ನೂ ಬಯಸುವಿರೆಂದು ಕಂಡಿದ್ದರೆ ಅದು ಬರಿದು’ ಎನ್ನುತ್ತಾನೆ. ಪ್ರೇಕ್ಷಕನು ಏನನ್ನೇ ಆರಿಸಲಿ, ಜಾದೂಗಾರನ ಮಾತೇ ನಿಜವಾಗುತ್ತದೆ. ಹಾಗಾದರೆ ಆರಿಸಿದವರು ಯಾರು?

ಅಮೆರಿಕದ ಭೌತವಿಜ್ಞಾನಿ ವಿಲಿಯಂ ನ್ಯೂಕೋಂಬ್ 1960ರಲ್ಲಿ ರೂಪಿಸಿದ, ತತ್ತ್ವಜ್ಞಾನಿ ರಾಬರ್ಟ್ ನೋಜಿಕ್ 1969ರಲ್ಲಿ ಪ್ರಕಟಿಸಿದ ಒಗಟೇ ಈ ಆಟದ ಮೂಲ. ವೇದಿಕೆಯಲ್ಲಿ ನಡೆಯುವುದು ಕೈಚಳಕ. ಆದರೆ ಅದು ಎಬ್ಬಿಸುವ ಪ್ರಶ್ನೆ ಬಹು ಪ್ರಾಚೀನವಾದುದು.

ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಸದ್ದಾಲಪುತ್ರನೆಂಬ ಕುಂಬಾರನ ಕಥೆಯಿದೆ. ಅವನು ನಿಯತಿವಾದಿಗಳಾದ ಆಜೀವಿಕರ ಅನುಯಾಯಿ. ‘ಈ ಮಡಕೆಗಳು ಪ್ರಯತ್ನದಿಂದ ಆದವೋ?’ ಎಂದು ಭಗವಾನ್ ಮಹಾವೀರರು ಕೇಳಿದರು. ‘ಪ್ರಯತ್ನವೆಂಬುದಿಲ್ಲ, ಎಲ್ಲವೂ ನಿಯತ’ ಎಂದನು. ‘ಯಾರಾದರೂ ಇವನ್ನು ಕದ್ದರೆ, ಒಡೆದರೆ?’ ‘ದಂಡಿಸುವೆನು.’ ಎಲ್ಲವೂ ನಿಯತವಾದರೆ ಕಳ್ಳನ ತಪ್ಪೇನು? ಕುಂಬಾರನ ಕಣ್ಣು ತೆರೆಯಿತು. ಅವನು ಶ್ರಾವಕವ್ರತಗಳನ್ನು ಸ್ವೀಕರಿಸಿದನು.

ಕೇವಲಜ್ಞಾನಿಯು ಸಕಲವನ್ನೂ ಅರಿಯುತ್ತಾನಲ್ಲವೇ ಎಂಬ ಶಂಕೆ ಸಹಜ. ಅರಿಯುವುದು ಬೇರೆ, ಮಾಡಿಸುವುದು ಬೇರೆ. ಕನ್ನಡಿಯು ಮುಖವನ್ನು ತೋರುತ್ತದೆ, ರೂಪಿಸುವುದಿಲ್ಲ. ಆಚಾರ್ಯ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಎರಡು ಅತಿಗಳನ್ನೂ ನಿರಾಕರಿಸುತ್ತಾರೆ. ಎಲ್ಲವೂ ದೈವದಿಂದಲೇ ಆಗುವುದಾದರೆ ಮೋಕ್ಷವೂ ಇಲ್ಲ, ಪೌರುಷವೂ ನಿಷ್ಫಲ. ಎಲ್ಲವೂ ಪೌರುಷದಿಂದಲೇ ಆಗುವುದಾದರೆ ಯಾರ ಪ್ರಯತ್ನವೂ ಸೋಲಬಾರದು. ಅವರ ದೃಷ್ಟಿಯಲ್ಲಿ ದೈವವೆಂದರೆ ಹೊರಗಿನ ಒಡೆಯನಲ್ಲ. ಜೀವವು ತಾನೇ ಹಿಂದೆ ಕಟ್ಟಿಕೊಂಡ ಕರ್ಮ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಲ್ಪತರು ನಾಡಿಗೆ ಇದು ಬರಿಯ ತರ್ಕವಲ್ಲ. ಇಲ್ಲಿ ತೆಂಗಿನಕಾಯಿಗಳು ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷವಿಡೀ ಒಣಗಿ ಕೊಬ್ಬರಿಯಾಗುತ್ತವೆ. ಯಾವುದು ಒಳಗೇ ಕೆಟ್ಟಿದೆಯೋ ಒಡೆಯುವವರೆಗೆ ತಿಳಿಯದು. ಪ್ರತಿಯೊಂದು ಕಾಯಿಯೂ ಮುಚ್ಚಿದ ಪೆಟ್ಟಿಗೆಯೇ. ಮಳೆಯೂ ಮಾರುಕಟ್ಟೆಯ ಧಾರಣೆಯೂ ಬೆಳೆಗಾರನ ಕೈಯಲ್ಲಿಲ್ಲ. ಪಾತಿ ಮಾಡುವುದು, ಗೊಬ್ಬರ ಹಾಕುವುದು, ಅಟ್ಟಕ್ಕೆ ಗಾಳಿಯಾಡುವಂತೆ ನೋಡಿಕೊಳ್ಳುವುದು ಅವನ ಕೈಯಲ್ಲಿದೆ. ಬರಗಾಲದಲ್ಲಿ ಮರಗಳ ಸುಳಿ ಒಣಗಿದಾಗ ‘ಹಣೆಬರಹ’ ಎಂದು ಕೈಚೆಲ್ಲುವವನೂ ಉಳಿದ ಮರಕ್ಕೆ ನೀರು ಹಾಯಿಸುವವನೂ ಒಂದೇ ದುಃಖವನ್ನು ಉಣ್ಣುತ್ತಾರೆ. ಆದರೆ ಇಬ್ಬರೂ ಕಟ್ಟಿಕೊಳ್ಳುವ ಕರ್ಮ ಒಂದೇ ಅಲ್ಲ.

ಪೆಟ್ಟಿಗೆಯೊಳಗೆ ಏನಿದೆಯೆಂಬುದು ನಿನ್ನೆಯ ಮಾತು. ಅದರತ್ತ ಯಾವ ಭಾವದಿಂದ ಕೈ ಚಾಚುತ್ತೇವೆಂಬುದು ಇಂದಿನ ಪುರುಷಾರ್ಥ.