ರಾಗಿ ಕಾಳಿನ ಹತ್ತನೇ ಒಂದು ಪಾಲು

ಒಂದು ರಾಗಿ ಕಾಳನ್ನು ಬೆರಳ ತುದಿಗೆ ಅಂಟಿಸಿಕೊಳ್ಳಿ. ತೂಕ ಸುಮಾರು 3 ಮಿಲಿಗ್ರಾಂ. ಅದನ್ನು ಹತ್ತು ಚೂರು ಮಾಡಿ, ಒಂಬತ್ತನ್ನು ಊದಿಬಿಡಿ. ಉಳಿದದ್ದು 0.3 ಮಿಲಿಗ್ರಾಂ, ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ಕಂಡೀತು. ಗಬ್ಬವಿಲ್ಲದ ಒಂದು ಹಸು ಇಡೀ ದಿನದ ಸಗಣಿ, ಗಂಜಲದಲ್ಲಿ ಹೊರಹಾಕುವ ಈಸ್ಟ್ರೋಜನ್ ಹಾರ್ಮೋನು ಹೆಚ್ಚುಕಡಿಮೆ ಇಷ್ಟೇ! ಗಬ್ಬ ಕಟ್ಟಿದ ಹಸುವಿನದು ಎಷ್ಟೋ ಪಟ್ಟು ಹೆಚ್ಚು. ಸದ್ಯಕ್ಕೆ ಈ ಚೂರನ್ನೇ ಹಿಡಿದು ಲೆಕ್ಕ ಹಾಕೋಣ.

ಈಸ್ಟ್ರೋಜನ್ ಕುಟುಂಬದ ಬಲಶಾಲಿ ಈಸ್ಟ್ರಡಯಾಲ್. ನದಿ, ಸರೋವರಗಳಲ್ಲಿ ಅದರ ವರ್ಷದ ಸರಾಸರಿ ಲೀಟರಿಗೆ 0.4 ನ್ಯಾನೊಗ್ರಾಂ ದಾಟಬಾರದು ಎಂದು 2012ರಲ್ಲಿ ಯುರೋಪಿಯನ್ ಕಮಿಷನ್ ಪ್ರಸ್ತಾಪಿಸಿತು. ನ್ಯಾನೊಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯ ಒಂದು ಪಾಲು. ಅಂದರೆ ಒಂದೇ ಒಂದು ಗ್ರಾಂ ಈಸ್ಟ್ರಡಯಾಲ್ 250 ಕೋಟಿ ಲೀಟರ್ ನೀರನ್ನು ಆ ಗೆರೆಗೆ ತಂದು ನಿಲ್ಲಿಸಬಲ್ಲದು. 250 ಕೋಟಿ ಲೀಟರ್ ಎಂದರೆ ಒಲಿಂಪಿಕ್ ಅಳತೆಯ ಈಜುಕೊಳಗಳು ಸರಿಯಾಗಿ 1,000! ಕನ್ನಂಬಾಡಿ ಕಟ್ಟೆ ತುಂಬಿ 49.45 ಟಿಎಂಸಿ ನಿಂತಿದೆ ಎನ್ನಿ. ಅಷ್ಟೂ ನೀರಿಗೆ 560 ಗ್ರಾಂ ಸಾಕು, ಅರ್ಧ ಕೆಜಿ ಬೇಳೆಯ ಮೇಲೆ ಒಂದು ಹಿಡಿ.

ಈಗ ನಮ್ಮ ಚೂರಿಗೆ ಬನ್ನಿ. ಅಷ್ಟನ್ನೂ ಈಸ್ಟ್ರಡಯಾಲ್ ಎಂದೇ ಹಿಡಿದರೆ, ಒಂದು ಹಸುವಿನ ಒಂದು ದಿನದ ಪಾಲಿಗೆ 7.5 ಲಕ್ಷ ಲೀಟರ್ ನೀರು ಬೇಕು. 6,000 ಲೀಟರಿನ ಟ್ಯಾಂಕರುಗಳು ಸಾಲಾಗಿ 125! ಅಮೆರಿಕದಲ್ಲಿ 3,000 ಹಸುಗಳ ಡೈರಿ ಅಪರೂಪವೇನಲ್ಲ. ಅಲ್ಲಿನ ಒಂದು ದಿನಕ್ಕೆ 225 ಕೋಟಿ ಲೀಟರ್ ಆಯಿತು. ಕುಡಿಯುವ ನೀರಿನ ಯೋಜನೆಯ ಐದನೇ ಹಂತವೂ ಸೇರಿ ಇಡೀ ಬೆಂಗಳೂರಿಗೆ ದಿನಕ್ಕೆ ಹರಿಸಬಹುದಾದ ಕಾವೇರಿ ನೀರು ಹತ್ತಿರ ಹತ್ತಿರ ಅಷ್ಟೇ!

ಇಷ್ಟು ಸಣ್ಣದು ಏನು ಮಾಡೀತು ಎಂಬುದನ್ನು ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಂದು ಸರೋವರ ತೋರಿಸಿಕೊಟ್ಟಿದೆ. ಅದರ ಹೆಸರೇ ಒಂದು ಸಂಖ್ಯೆ: 260. 2001ರಿಂದ 2003ರವರೆಗೆ ವಿಜ್ಞಾನಿ ಕರೆನ್ ಕಿಡ್ ಮತ್ತು ಸಂಗಡಿಗರು ಅದಕ್ಕೆ ಬೆರೆಸಿದ್ದು ಎಥಿನೈಲ್ ಈಸ್ಟ್ರಡಯಾಲ್. ಇದು ದನದ್ದಲ್ಲ, ಗರ್ಭನಿರೋಧಕ ಮಾತ್ರೆಯ ಹಾರ್ಮೋನು. ಮೀನಿನ ಮೇಲೆ ಇನ್ನೂ ಹರಿತ. ಪ್ರಮಾಣ ಲೀಟರಿಗೆ 5ರಿಂದ 6 ನ್ಯಾನೊಗ್ರಾಂ. ಗಂಡು ಮೀನುಗಳ ಮೈಯಲ್ಲಿ ಮೊಟ್ಟೆಯ ಪ್ರೋಟೀನು ತುಂಬಿಕೊಂಡಿತು. 34 ಹೆಕ್ಟೇರ್ ಸರೋವರದಲ್ಲಿ ಫ್ಯಾಟ್‌ಹೆಡ್ ಮಿನ್ನೊ ಎಂಬ ಪುಟ್ಟ ಮೀನಿನ ಸಂತತಿಯೇ ಅಳಿವಿನ ಅಂಚಿಗೆ ಬಂತು! ಬೆರೆಸುವುದು ನಿಂತ ಕೆಲವು ವರ್ಷಗಳಲ್ಲಿ ಅದು ಮತ್ತೆ ಚಿಗುರಿತು.

ಇನ್ನೂ ದೊಡ್ಡ ಲೆಕ್ಕ ಬೇಕೆ? 2000ನೇ ಇಸವಿಯಲ್ಲಿ ಸಾಕುಪ್ರಾಣಿಗಳು ಹೊರಹಾಕಿದ ಈಸ್ಟ್ರೋಜನ್, ಒಂದು ಅಂದಾಜಿನ ಪ್ರಕಾರ, ಯುರೋಪಿಯನ್ ಒಕ್ಕೂಟದಲ್ಲಿ 33 ಟನ್, ಅಮೆರಿಕದಲ್ಲಿ 49 ಟನ್. ಒಟ್ಟು 82 ಟನ್, ಅಂದರೆ 20 ಆನೆಗಳ ತೂಕ! ಅಷ್ಟನ್ನೂ 0.4ರ ಗೆರೆಯೊಳಗೆ ಕರಗಿಸಲು ಸುಮಾರು 1.46 ಲಕ್ಷ ಕನ್ನಂಬಾಡಿ ಕಟ್ಟೆಗಳು ತುಂಬಬೇಕು. ಜಗತ್ತಿನ ಎಲ್ಲ ನದಿಗಳೂ ಸೇರಿ ಸಮುದ್ರಕ್ಕೆ ಸುರಿಯುವ ನೀರು, ಒಂದಲ್ಲ ಎರಡಲ್ಲ, ಐದು ವರ್ಷದ್ದು ಬೇಕು! ಪುಣ್ಯಕ್ಕೆ ಅದೆಲ್ಲವೂ ಈಸ್ಟ್ರಡಯಾಲ್‌ನಷ್ಟು ಹರಿತವಲ್ಲ, ಎಲ್ಲವೂ ಹೊಳೆ ಸೇರುವುದೂ ಇಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ದಾರಿಯಲ್ಲೇ ಸಾಕಷ್ಟು ತಿಂದು ಮುಗಿಸುತ್ತವೆ.

ಕೊಟ್ಟಿಗೆ ತೊಳೆದ ನೀರನ್ನು ಶುದ್ಧಿ ಮಾಡುವ ಘಟಕಗಳು ದುಡಿಸಿಕೊಳ್ಳುವುದೂ ಇದೇ ಜೀವಿಗಳನ್ನು. ಗಾಳಿಯೂದಿದ ಕೆಸರಿನ ಒಂದೊಂದು ಮಿಲಿಲೀಟರಿನಲ್ಲೂ ನೂರಾರು ಕೋಟಿ ಬ್ಯಾಕ್ಟೀರಿಯಾಗಳಿರಬಹುದು, ಮನುಕುಲದ ಜನಗಣತಿಗೆ ಸರಿಸಾಟಿ! ಉಳಿದದ್ದನ್ನು ಹಿಡಿಯಲು ಸಕ್ರಿಯ ಇಂಗಾಲವಿದೆ. ಅದರ ಒಂದು ಗ್ರಾಂ ಪುಡಿಯ ಒಳಮೈ ಬಿಚ್ಚಿ ಹಾಸಿದರೆ ಸುಮಾರು 1,000 ಚದರ ಮೀಟರ್, ಅಂದರೆ 30×40ರ ಒಂಬತ್ತು ಸೈಟುಗಳು. ಒಂದು ಕೆಜಿ ಚೀಲದೊಳಗೆ 9,000 ಸೈಟುಗಳು ಮಡಚಿ ಕೂತಿರುತ್ತವೆ!  ಹಾಗಿದ್ದರೂ 0.4 ನ್ಯಾನೊಗ್ರಾಮಿಗೆ ಇಳಿದ ಒಂದು ಲೀಟರ್ ನೀರಿನಲ್ಲೂ ಈಸ್ಟ್ರಡಯಾಲ್‌ನ ಸುಮಾರು 88,000 ಕೋಟಿ ಅಣುಗಳಿರುತ್ತವೆ. ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ನೂರಕ್ಕಿಂತ ಹೆಚ್ಚು ಹಂಚಬಹುದು.

ಆದ್ದರಿಂದ ಇಲ್ಲಿ ‘ಬಹುಪಾಲು ತೆಗೆದಿದ್ದೇವೆ’ ಎಂಬ ಮಾತು ಸಾಲದು, ಒಂಬತ್ತುಗಳನ್ನು ಎಣಿಸಬೇಕು. ಆ 3,000 ಹಸುಗಳ ಡೈರಿಗೆ ಬೇಕಿದ್ದ ನೀರು 3.75 ಲಕ್ಷ ಟ್ಯಾಂಕರ್. ನೂರಕ್ಕೆ 90 ಭಾಗ ತೆಗೆದರೆ 37,500 ಟ್ಯಾಂಕರಿಗೆ ಇಳಿಯಿತು. 99 ತೆಗೆದರೆ 3,750. 99.9 ತೆಗೆದರೆ 375! ಒಂದೊಂದು ಒಂಬತ್ತು ಸೇರಿದಾಗಲೂ ಹೊಳೆಯ ಹೊರೆ ಹತ್ತು ಪಾಲಿನಲ್ಲಿ ಒಂಬತ್ತು ಇಳಿಯುತ್ತದೆ. ಮೂರು ಒಂಬತ್ತು ಸೇರಿಸಿದ ದಿನ, 3,000 ಹಸುಗಳ ಡೈರಿ ಹೊಳೆಯ ಮೀನಿನ ಪಾಲಿಗೆ 3 ಹಸುಗಳ ಕೊಟ್ಟಿಗೆ.