ಒಬ್ಬರ ನೋವು, ಹಲವರ ಬಲ

ಅಮೆರಿಕದಲ್ಲಿ ವುಡಿ ಗುತ್ರಿ ಎಂಬ ಹಾಡುಗಾರ ಇದ್ದರು. ಊರೂರು ತಿರುಗಿ ಬಡವರ ಬದುಕಿನ ಹಾಡು ಹಾಡುತ್ತಿದ್ದರು. ನಡುವಯಸ್ಸಿನಲ್ಲಿ ಅವರ ಕೈಕಾಲು ತಾನಾಗಿ ಅಲುಗತೊಡಗಿದವು. ಮಾತು ತೊದಲಿತು. ಸಿಟ್ಟು ಹೆಚ್ಚಿತು. ಕುಡಿದು ಹೀಗಾಗಿದ್ದಾರೆ ಅಂದರು ಜನ. ಆದರೆ ಅದು ಮೆದುಳಿನ ರೋಗ. ಅದರ ಹೆಸರು ಹಂಟಿಂಗ್ಟನ್.

ಈ ರೋಗ ಅಪರೂಪ. ಮುಟ್ಟಿದರೆ ಅಂಟುವುದಿಲ್ಲ. ಹೆತ್ತವರಿಂದ ಮಕ್ಕಳಿಗೆ ಬರುತ್ತದೆ. ತಂದೆಗೆ ಇರಲಿ, ತಾಯಿಗೆ ಇರಲಿ, ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಗಂಡಾದರೂ ಅಷ್ಟೆ, ಹೆಣ್ಣಾದರೂ ಅಷ್ಟೆ. ಇದು ಶಾಪ ಅಲ್ಲ. ಸೊಸೆಯ ಕಾಲ್ಗುಣವೂ ಅಲ್ಲ.

ವುಡಿ 1967ರಲ್ಲಿ ತೀರಿಕೊಂಡರು. ಅವರ ಹಿಂದಿನ ಹೆಂಡತಿ ಮಾರ್ಜೊರಿ. ವಿಚ್ಛೇದನ ಆಗಿದ್ದರೂ ಅವರ ಆರೈಕೆ ಬಿಟ್ಟಿರಲಿಲ್ಲ. ಈ ರೋಗ ಇದ್ದ ಬೇರೆ ಮನೆಗಳನ್ನು ಮಾರ್ಜೊರಿ ಹುಡುಕಿದರು. ಅದೇ ವರ್ಷ ಸಂಘ ಕಟ್ಟಿದರು. ಮುಚ್ಚಿಟ್ಟ ನೋವು ಹೊರಗೆ ಬಂತು.

ಅದೇ ದೇಶದ ನ್ಯಾನ್ಸಿ ವೆಕ್ಸ್‌ಲರ್ ಅವರ ತಾಯಿಗೂ ಇದೇ ರೋಗ. ವೆನೆಜುವೆಲಾ ದೇಶದ ಕೆಲವು ಹಳ್ಳಿಗಳಲ್ಲಿ ಈ ರೋಗ ಬಹಳ ಮನೆಗಳಲ್ಲಿತ್ತು. ನ್ಯಾನ್ಸಿ ಅಲ್ಲಿಗೆ ಹೋದರು. ಯಾರು ಯಾರ ಮಕ್ಕಳು ಅಂತ ಬರೆದುಕೊಂಡರು. ಹಳ್ಳಿಯವರು ಪರೀಕ್ಷೆಗೆ ರಕ್ತ ಕೊಟ್ಟರು. ಅದರಿಂದ ವಿಜ್ಞಾನಿಗಳಿಗೆ ದಾರಿ ಸಿಕ್ಕಿತು. 1993ರಲ್ಲಿ ರೋಗದ ಮೂಲ ಗೊತ್ತಾಯಿತು.

ಈಗ ರಕ್ತ ಪರೀಕ್ಷೆಯಿಂದ ಈ ರೋಗ ತಿಳಿಯುತ್ತದೆ. ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಇಲ್ಲ. ಅಲುಗಾಟ, ಸಿಟ್ಟು ತಗ್ಗಿಸುವ ಮಾತ್ರೆ ಇವೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತೋರಿಸಬಹುದು.

ಅಕ್ಕಂದಿರೇ, ಯಾರ ಮನೆಯಲ್ಲಾದರೂ ಹೀಗೆ ಕಂಡರೆ ಆಡಿಕೊಳ್ಳಬೇಡಿ. ಡಾಕ್ಟರ ಹತ್ತಿರ ಹೋಗಲು ಹೇಳಿ. ಆರೈಕೆ ಮಾಡುವ ಹೆಂಗಸಿಗೆ ಜೊತೆಯಾಗಿ.